ದೇವತೆಗಳನ್ನು ಸೆರೆಯಿಟ್ಟವನ ಕಾಲಿಗೆ ಪಾದರಕ್ಷೆ

ಮನೆಯಲ್ಲಿ ಹತ್ತು ಹನ್ನೆರಡು ವಯಸ್ಸಿನ ಮಕ್ಕಳಿರುವ ವೀಕ್ಷಕ ಬಂಧುಗಳಿಗೆ ಈ ಬಗೆಯ ಕಥೆ ಹೊಸದಲ್ಲ. ನಾಲ್ಕಾರು ಮಂದಿ ಸಾಹಸಿಗರು ಒಂದು ತಂಡ ಕಟ್ಟಿಕೊಂಡಿರುತ್ತಾರೆ. ಒಬ್ಬನ ಮೈಯೆಲ್ಲ ಬೆಂಕಿ, ಇನ್ನೊಬ್ಬನದು ಕಲ್ಲಿನ ಮೈ, ಮತ್ತೊಬ್ಬಳು ಕಣ್ಣಿಗೆ ಕಾಣದಂತೆ ಮಾಯವಾಗಬಲ್ಲಳು. ಊರಿನ ಕಳ್ಳರು, ನೆರೆದೇಶದ ದುಷ್ಟರು ಎಲ್ಲರೂ ಸೋತ ಮೇಲೆ ಇವರಿಗೆ ಸರಿಜೋಡಿ ಯಾರೂ ಉಳಿಯುವುದಿಲ್ಲ. ಆಗ ಕಥೆಗಾರ ಆಕಾಶದ ಕಡೆ ಮುಖ ಮಾಡುತ್ತಾನೆ. ನಕ್ಷತ್ರಗಳಾಚೆಯಿಂದ, ನಮಗೆ ಗೊತ್ತಿರುವ ವಿಶ್ವದ ಎಲ್ಲೆಯನ್ನೂ ದಾಟಿ, ದೇವರೋ ದೆವ್ವವೋ ಹೇಳಲಾಗದ ಒಂದು ಮಹಾಕಾಯ ಬಂದು ನಿಲ್ಲುತ್ತದೆ. ಅದಕ್ಕೆ ನಮ್ಮ ಭೂಮಿ ಒಂದು ತುತ್ತು.

ದೊಡ್ಡವರು ಇದನ್ನು ನೋಡಿ ನಗುವುದುಂಟು. ಪರದೇಶದವರ ಹುಚ್ಚು ಕಲ್ಪನೆ, ನಮ್ಮ ಮಕ್ಕಳ ತಲೆ ಕೆಡಿಸುತ್ತದೆ ಎಂದು ಗೊಣಗುವವರೂ ಇದ್ದಾರೆ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಜನ ಹಾಗೆ ನಗುವ ಹಾಗಿಲ್ಲ. ಏಕೆಂದರೆ ಮುಕ್ಕೋಟಿ ದೇವತೆಗಳನ್ನೇ ಸೆರೆಯಲ್ಲಿಟ್ಟ ದೊರೆಯೊಬ್ಬನ ಕಥೆ, ಲೋಕ ಹುಟ್ಟುವುದಕ್ಕೂ ಮೊದಲಿದ್ದ ಗುರುವೊಬ್ಬರ ಕಥೆ, ಅವರ ಜೊತೆಗಾರರ ಕಥೆ ಈ ಸೀಮೆಯಲ್ಲಿ ತಲೆಮಾರುಗಳಿಂದ ರಾತ್ರಿಯಿಡೀ ಹಾಡಿಕೊಂಡು ಬಂದಿವೆ. ಅಳತೆಗೆ ಸಿಗದ ಬಲದ ಎದುರು ಅಳತೆಗೆ ಸಿಗುವ ಒಬ್ಬ ಮನುಷ್ಯ ಗೆಲ್ಲಬೇಕಾದರೆ ಕಥೆಗಾರ ಏನು ಮಾಡುತ್ತಾನೆ, ಆ ಮನುಷ್ಯ ಯಾರಾಗಿರುತ್ತಾನೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಪರದೇಶದ ಕಥೆಯನ್ನು ತುಸು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಅಮೆರಿಕದಲ್ಲಿ 1961ರಲ್ಲಿ ಸ್ಟ್ಯಾನ್ ಲೀ ಎಂಬ ಬರಹಗಾರ ಮತ್ತು ಜ್ಯಾಕ್ ಕರ್ಬಿ ಎಂಬ ಚಿತ್ರಕಾರ ಸೇರಿ ‘ಫೆಂಟಾಸ್ಟಿಕ್ ಫೋರ್’ ಎಂಬ ಚಿತ್ರಕಥಾ ಪತ್ರಿಕೆಯನ್ನು ಆರಂಭಿಸಿದರು. ನಾಲ್ವರ ತಂಡ, ಹೆಚ್ಚೂಕಡಿಮೆ ಒಂದು ಕುಟುಂಬ. 1966ರಲ್ಲಿ ಅದರ 48ರಿಂದ 50ನೆಯ ಸಂಚಿಕೆಗಳಲ್ಲಿ ಅವರು ಗ್ಯಾಲಕ್ಟಸ್ ಎಂಬ ಪಾತ್ರವನ್ನು ತಂದರು. ಅವನು ದುಷ್ಟನಲ್ಲ, ಹಸಿದವನು. ಗ್ರಹಗಳ ಸತ್ವವನ್ನು ಹೀರಿ ಬದುಕುವುದು ಅವನ ಸ್ಥಿತಿ. ನಾವು ನಡೆಯುವಾಗ ಕಾಲಡಿಯ ಇರುವೆಗಳನ್ನು ಎಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆಯೋ ಅವನೂ ಮನುಷ್ಯರನ್ನು ಅಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಅವನಿಗಿಂತ ಮುಂಚೆ ಬಂದು ತಕ್ಕ ಗ್ರಹವನ್ನು ಹುಡುಕಿಕೊಡುವ ದೂತನೊಬ್ಬನಿದ್ದಾನೆ, ಸಿಲ್ವರ್ ಸರ್ಫರ್. ಬೆಳ್ಳಿಯ ಮೈಯವನು, ಹಲಗೆಯೊಂದರ ಮೇಲೆ ನಿಂತು ಆಕಾಶದಲ್ಲಿ ಜಾರುತ್ತಾನೆ.

ಈ ಹಸಿವಿನ ಎದುರು ನಾಲ್ವರ ಬಲ ಏನೇನೂ ಸಾಲದು. ಕೊನೆಗೆ ಗ್ಯಾಲಕ್ಟಸ್‌ನನ್ನೇ ಹೆದರಿಸಬಲ್ಲ ಒಂದು ಯಂತ್ರವನ್ನು ಅವನದೇ ನೌಕೆಯಿಂದ ತಂದು ಅವನಿಗೇ ತೋರಿಸಿದಾಗ ಅವನು ಹಿಂದೆ ಸರಿಯುತ್ತಾನೆ. ಆದರೆ ಕಥೆಯ ನಿಜವಾದ ತಿರುವು ಆ ಯಂತ್ರದಲ್ಲಿಲ್ಲ ಎಂದೇ ನಮ್ಮ ಅಭಿಪ್ರಾಯ. ಅಲಿಷಿಯಾ ಎಂಬ ಹೆಣ್ಣುಮಗಳಿದ್ದಾಳೆ. ಕಣ್ಣಿಲ್ಲದವಳು, ಬೊಂಬೆ ಕೆತ್ತುವ ಕಸುಬಿನವಳು, ಯಾವ ಅದ್ಭುತ ಶಕ್ತಿಯೂ ಇಲ್ಲದವಳು. ಆ ದೂತ ಅವಳ ಮನೆಯೊಳಕ್ಕೆ ಬಂದು ಬಿದ್ದಾಗ ಅವಳು ಅವನೊಡನೆ ಮಾತನಾಡುತ್ತಾಳೆ. ಈ ಇರುವೆಗಳಿಗೂ ಜೀವವಿದೆ ಎಂಬುದು ಅವನಿಗೆ ಆಗ ಹೊಳೆಯುತ್ತದೆ. ಅವನು ತನ್ನ ಒಡೆಯನಿಗೇ ತಿರುಗಿ ಬೀಳುತ್ತಾನೆ.

ಆ ಮೇಲೆ ಇಂಥ ಪಾತ್ರಗಳ ಸಾಲೇ ಬಂತು. 1976ರಲ್ಲಿ ಕರ್ಬಿ ಒಬ್ಬನೇ ಬರೆದು ಚಿತ್ರಿಸಿದ ‘ಇಟರ್ನಲ್ಸ್’ ಕಥೆಯಲ್ಲಿ ಬೆಟ್ಟದೆತ್ತರದ ಮೂಕ ದೇವತೆಗಳು ಭೂಮಿಗೆ ತೀರ್ಪು ಹೇಳಲು ಬಂದರು. 1984-85ರಲ್ಲಿ 12 ಸಂಚಿಕೆಗಳಲ್ಲಿ ಬಂದ ‘ಸೀಕ್ರೆಟ್ ವಾರ್ಸ್’ ಕಥೆಯ ಬಿಯಾಂಡರ್ ಎಂಬುವನಂತೂ ನಮ್ಮ ವಿಶ್ವದವನೇ ಅಲ್ಲ. ಹೆಸರೇ ಹೇಳುವಂತೆ ಅವನು ‘ಆಚೆಯವನು’. ಕುತೂಹಲಕ್ಕಾಗಿ ಶೂರರನ್ನೂ ದುಷ್ಟರನ್ನೂ ಎತ್ತಿ ತಂದು ಒಂದು ಗ್ರಹದ ಮೇಲೆ ಕೋಳಿ ಅಂಕದಂತೆ ಬಿಡುತ್ತಾನೆ. ಇವುಗಳಲ್ಲಿ ಕೆಲವು ಈಚೆಗೆ ಚಲನಚಿತ್ರಗಳೂ ಆಗಿವೆ. ಗ್ಯಾಲಕ್ಟಸ್ 2025ರಲ್ಲಿ ಮತ್ತೊಮ್ಮೆ ಬೆಳ್ಳಿತೆರೆಗೆ ಬಂದ. ಗಾತ್ರ ಬೆಳೆಯುತ್ತ ಹೋದಂತೆ ಕಥೆ ತೆಳುವಾಗುತ್ತ ಹೋಯಿತು ಎಂಬುದು ಬೇರೆ ಮಾತು.

ಇನ್ನು ನಮ್ಮ ಸೀಮೆಗೆ ಬರೋಣ.

ಶ್ರವಣನ ಸಾಲು

ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಹನೂರು ತಾಲ್ಲೂಕಿನ ಕಾಡಿನ ನಡುವೆ ಮಲೆ ಮಹದೇಶ್ವರ ಬೆಟ್ಟವಿದೆ. ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂದು, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಗಡಿಗಳು ಹೀಗೆ ಬದಲಾದರೂ ಮಾದಪ್ಪನ ಪರುಷೆಗೆ ಕನ್ನಡಿಗರೂ ತಮಿಳರೂ ಒಟ್ಟಿಗೇ ಬಂದಿದ್ದಾರೆ. ಮಾದಪ್ಪನ ಕಥೆಯನ್ನು ಹಾಡುವವರು ದೇವರಗುಡ್ಡರು. ಹರಕೆ ಹೊತ್ತು ದೀಕ್ಷೆ ಪಡೆದು, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಭಿಕ್ಷೆಗೆ ಹೊರಡುವವರು. ಅವರ ಕೈಯಲ್ಲಿ ಕಂಸಾಳೆ ಇರುತ್ತದೆ. ಬಟ್ಟಲಿನಂಥ ಒಂದು ತಾಳ, ಗೊಂಡೆ ಕಟ್ಟಿದ ಚಪ್ಪಟೆಯ ಇನ್ನೊಂದು ತಾಳ. ದೂರದರ್ಶನದಲ್ಲಿ, ಗಣರಾಜ್ಯೋತ್ಸವದ ಮೆರವಣಿಗೆಗಳಲ್ಲಿ ಬೀಸು ಕಂಸಾಳೆಯ ಕುಣಿತವನ್ನು ತಾವು ನೋಡಿರಬಹುದು. ಆದರೆ ಕುಣಿತ ಅದರ ಒಂದು ಮುಖ ಮಾತ್ರ. ಕೂತು ಹಾಡುವ ಕಥೆಯೇ ಅದರ ಹೊಟ್ಟೆ.

ಈ ಕಥೆಯ ಭಾಗಗಳಿಗೆ ಹಾಡುಗಾರರು ‘ಸಾಲು’ ಎನ್ನುತ್ತಾರೆ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಹೀಗೆ. ಅವುಗಳಲ್ಲಿ ನಮ್ಮ ವಿಷಯಕ್ಕೆ ಸೇರಿದ್ದು ಶ್ರವಣ ದೊರೆಯ ಸಾಲು.

ಶ್ರವಣ ಬಂಕಾಪುರಿಯ ದೊರೆ. ವರಬಲದಿಂದ ಕೊಬ್ಬಿದವನು. ದೇವಾನುದೇವತೆಗಳನ್ನು ಹಿಡಿದು ಸೆರೆಯಲ್ಲಿಟ್ಟು ತನ್ನ ಊಳಿಗಕ್ಕೆ ಹಚ್ಚಿಕೊಂಡಿದ್ದಾನೆ. ಗಾಳಿ, ಮಳೆ, ಬೆಳಕುಗಳನ್ನು ಆಳುವವರು ಈಗ ಅವನ ಅರಮನೆಯ ಆಳುಗಳು. ರಾಮಾಯಣದ ರಾವಣನ ಬಗ್ಗೆಯೂ ಹೀಗೆ ಹೇಳುವುದುಂಟು. ಆದರೆ ಈ ಕಥೆಯ ಬನಿಯೇ ಬೇರೆ. ಇಲ್ಲಿ ದೇವತೆಗಳ ಗೋಳು ಪುರಾಣದ ಗೋಳಲ್ಲ, ಬಿಟ್ಟಿ ದುಡಿಮೆಯವರ ಗೋಳು. ಕೂಲಿಯಿಲ್ಲದೆ ದೊರೆಯ ಹೊಲ ಮನೆಗಳಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಈ ಕಥೆಯನ್ನು ಕಟ್ಟಿ ಹಾಡಿದ್ದಾರೆ. ಬ್ರಹ್ಮಾಂಡವನ್ನೇ ಮುಷ್ಟಿಯಲ್ಲಿಟ್ಟುಕೊಂಡ ಬಲ ಹೇಗಿರುತ್ತದೆ ಎಂದು ಊಹಿಸಬೇಕಾಗಿ ಬಂದಾಗ ಅವರಿಗೆ ತಕ್ಷಣ ಹೊಳೆದದ್ದು ಬಿಟ್ಟಿ ಮಾಡಿಸಿಕೊಳ್ಳುವ ಒಡೆಯ. ಶ್ರವಣ ಎಂಬ ಹೆಸರಿನಲ್ಲಿ ಜೈನ ಶ್ರಮಣರ ನೆನಪಿದೆ, ಧರ್ಮಗಳ ಹಳೆಯ ಜಗಳವೊಂದು ಇಲ್ಲಿ ಅಡಗಿದೆ ಎಂದು ಹೇಳುವ ವಿದ್ವಾಂಸರಿದ್ದಾರೆ. ಇರಬಹುದು. ಆದರೆ ಹಾಡು ಕೇಳುತ್ತ ಕೂತವರಿಗೆ ಮುಟ್ಟುವುದು ಆ ಜಗಳವಲ್ಲ.

ಇಂಥವನನ್ನು ಮುಗಿಸಬೇಕಾದವನು ಮಾದೇಶ್ವರ. ಉತ್ತರಾಜಮ್ಮನ ಮಗ. ಉತ್ತರ ದೇಶದಿಂದ ಬಂದು, ಸುತ್ತೂರು ಮಠದಲ್ಲಿ ರಾಗಿ ಬೀಸಿ, ಕೊಳ್ಳೇಗಾಲದ ಬಳಿಯ ಕುಂತೂರು ಮಠದಲ್ಲಿ ಪ್ರಭುಸ್ವಾಮಿಗಳ ಶಿಷ್ಯನಾದವನು. ನಮ್ಮ ಕ್ಯಾಲೆಂಡರ್ ಚಿತ್ರಗಳಲ್ಲಿ ಅವನು ಹುಲಿಯ ಮೇಲೆ ಕೂತಿರುತ್ತಾನೆ. 2023ರಲ್ಲಿ ಬೆಟ್ಟದಲ್ಲಿ ಅನಾವರಣಗೊಂಡ 108 ಅಡಿಯ ಪ್ರತಿಮೆಯಲ್ಲಿಯೂ ಹುಲಿಯೇ ವಾಹನ. ಇದನ್ನೆಲ್ಲ ನೋಡಿದವರು ಶ್ರವಣನ ಮೇಲೆ ಹುಲಿ ಹಾರಿತು, ತ್ರಿಶೂಲ ಎಸೆಯಿತು ಎಂದು ಊಹಿಸಿದರೆ ಆಶ್ಚರ್ಯವಿಲ್ಲ.

ಹಾಡುವ ಕಥೆಯಲ್ಲಿ ಹಾಗಿಲ್ಲ. ಮಾದೇಶ್ವರ ಹೋಗಿ ಸೇರುವುದು ಮಾದಾರಿ ಹರಳಯ್ಯನನ್ನು. ಹರಳಯ್ಯ ಚರ್ಮದ ಕಾಯಕದವನು, ಎಕ್ಕಡ ಹೊಲೆಯುವವನು. ಇಬ್ಬರೂ ಸೇರಿ ದೊರೆಗೆ ತಕ್ಕ ಒಂದು ಜೊತೆ ಪಾದರಕ್ಷೆಯನ್ನು ಸಿದ್ಧಪಡಿಸುತ್ತಾರೆ. ದೇವತೆಗಳಿಗೆ ಬಗ್ಗದವನು, ಆಯುಧಗಳಿಗೆ ಜಗ್ಗದವನು, ಆ ಪಾದರಕ್ಷೆಗೆ ಮಾತ್ರ ಮರುಳಾಗುತ್ತಾನೆ. ಅದನ್ನು ಮೆಟ್ಟಿ ನಿಂತದ್ದೇ ಅವನಿಗೆ ಮೃತ್ಯು. ಅದನ್ನು ಯಾವುದರಿಂದ ಮಾಡಿದರು, ಮೆಟ್ಟಿದ ಮೇಲೆ ಬೆಂಕಿ ಹೇಗೆ ಹತ್ತಿತು ಎಂಬಲ್ಲಿ ಒಂದೊಂದು ಮೇಳದವರು ಒಂದೊಂದು ರೀತಿ ಹಾಡುತ್ತಾರೆ. ಮೌಖಿಕ ಕಾವ್ಯದ ಸ್ವಭಾವವೇ ಅದು. ಪಾದರಕ್ಷೆ ಮಾತ್ರ ಬದಲಾಗುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪುರಾಣಗಳಲ್ಲಿ ವರ ಪಡೆದ ರಾಕ್ಷಸನನ್ನು ಕೊಲ್ಲಲು ಒಂದು ಸಾಮಾನ್ಯ ಉಪಾಯವುಂಟು. ವರದ ಮಾತಿನಲ್ಲಿ ಒಂದು ಸಂದು ಹುಡುಕುವುದು. ಹಿರಣ್ಯಕಶಿಪುವಿಗೆ ಒಳಗೂ ಸಾವಿಲ್ಲ, ಹೊರಗೂ ಸಾವಿಲ್ಲ. ಹಾಗಾದರೆ ಹೊಸ್ತಿಲ ಮೇಲೆ. ರಾವಣ ವರ ಕೇಳುವಾಗ ಮನುಷ್ಯರನ್ನು, ಕಪಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಾಗಾದರೆ ಮನುಷ್ಯ ಮತ್ತು ಕಪಿ. ವಕೀಲರ ಬುದ್ಧಿಯಂಥದು ಇದು. ಪರದೇಶದ ಚಿತ್ರಕಥೆಯ ಆ ಯಂತ್ರವೂ ಹೆಚ್ಚು ಕಡಿಮೆ ಇದೇ ಜಾತಿಯದು. ಬಲಶಾಲಿಯ ಭಂಡಾರದಲ್ಲಿಯೇ ಅವನ ಮಿತಿ ಇರುತ್ತದೆ, ಅದನ್ನು ಹುಡುಕಿದವನು ಗೆದ್ದ.

ಶ್ರವಣನ ಸಾಲಿನ ಉಪಾಯ ಬೇರೆ. ಶ್ರವಣ ಎಷ್ಟೇ ದೊಡ್ಡವನಾಗಲಿ, ಅವನಿಗೂ ಎರಡು ಕಾಲುಗಳಿವೆ. ಆ ಕಾಲುಗಳು ನೆಲದ ಮೇಲೆಯೇ ನಿಲ್ಲಬೇಕು. ಕಾಲಿಗೂ ನೆಲಕ್ಕೂ ನಡುವೆ ಇರುವ ಆ ಅರ್ಧ ಅಂಗುಲದ ಜಾಗದ ಒಡೆಯ ಮಾತ್ರ ಶ್ರವಣನಲ್ಲ, ಹರಳಯ್ಯ. ಮುಟ್ಟಬಾರದವನೆಂದು ಊರಾಚೆ ಇಟ್ಟವನೇ ದೊರೆಯ ಪಾದವನ್ನು ಮುಟ್ಟಿ ಅಳತೆ ತೆಗೆಯಬೇಕು. ಬ್ರಹ್ಮಾಂಡದಷ್ಟು ಹಿಗ್ಗಿದ್ದ ಕಥೆಯನ್ನು ಹಾಡುಗಾರ ಒಂದೇ ಏಟಿಗೆ ಅಂಗಾಲಿನ ಅಳತೆಗೆ ತಂದು ನಿಲ್ಲಿಸುತ್ತಾನೆ. ಅಲಿಷಿಯಾಳ ಮನೆಯೊಳಕ್ಕೆ ಆಕಾಶದ ದೂತನನ್ನು ಕೆಡವಿದ ಲೀ ಮತ್ತು ಕರ್ಬಿಯವರಿಗೂ ಈ ಗುಟ್ಟು ಅಷ್ಟಿಷ್ಟು ಗೊತ್ತಿತ್ತು. ಕೈಕಸುಬಿನವರ ಮನೆಯ ಬಾಗಿಲು ತಗ್ಗಾಗಿರುತ್ತದೆ, ದೊಡ್ಡವರು ಅಲ್ಲಿ ಬಗ್ಗಿಯೇ ಬರಬೇಕು.

ಹರಳಯ್ಯ ಎಂಬ ಹೆಸರೂ ಸುಮ್ಮನೆ ಬಂದದ್ದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೆಂಬ ಶರಣನಿದ್ದ. ತನ್ನ ತೊಡೆಯ ಚರ್ಮವನ್ನೇ ತೆಗೆದು ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಎಂಬ ಐತಿಹ್ಯ ಅವನದು. ಮಧುವರಸನ ಮಗಳನ್ನು ತನ್ನ ಮಗನಿಗೆ ತಂದುಕೊಂಡ ತಪ್ಪಿಗೆ ಅವನಿಗೆ ಎಳೆಹೂಟೆಯ ಶಿಕ್ಷೆಯಾಯಿತು ಎಂದೂ ಹೇಳುತ್ತಾರೆ. ಕಲ್ಯಾಣದಲ್ಲಿ ದೊರೆಯ ಕೈಯಲ್ಲಿ ಸತ್ತ ಹರಳಯ್ಯ ಇಲ್ಲಿ, ತೆಂಕಣ ಸೀಮೆಯ ಹಾಡಿನಲ್ಲಿ, ಮತ್ತೆ ಎದ್ದು ಬಂದು ದೊರೆಯ ಕಾಲಿಗೆ ಜೋಡು ತೊಡಿಸುತ್ತಾನೆ ಎಂದು ಓದಿಕೊಂಡರೆ ತಪ್ಪಾಗಲಾರದು.

ಪಾದರಕ್ಷೆಯ ಮಾತು ಬಂದದ್ದರಿಂದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಸುಮಾರು 5,000 ಅಡಿ ಎತ್ತರದ ಆ ಬೆಟ್ಟದ ರಂಗನಾಥನಿಗೆ ಚರ್ಮದ ಕಾಯಕದವರು ದೊಡ್ಡ ಪಾದುಕೆಗಳನ್ನು ಮಾಡಿ ಒಪ್ಪಿಸುವ ಪದ್ಧತಿಯುಂಟು. ರಂಗಪ್ಪ ಅವನ್ನು ಮೆಟ್ಟಿಕೊಂಡು ರಾತ್ರಿ ಕಾಡು ಸುತ್ತುತ್ತಾನೆ, ಆದ್ದರಿಂದಲೇ ಅವು ಸವೆಯುತ್ತವೆ ಎಂಬುದು ಭಕ್ತರ ನಂಬಿಕೆ. ಬಂದವರ ತಲೆಗೆ ಆ ಪಾದುಕೆಯನ್ನು ಮುಟ್ಟಿಸಿ ಹರಸುತ್ತಾರೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದದ್ದರಿಂದ ಆ ಕಾಡಿನ ಸೋಲಿಗರಿಗೆ ಇವನು ದೇವರಿಗಿಂತ ಹೆಚ್ಚಾಗಿ ಭಾವ. ಮೂರು ಹೆಜ್ಜೆಗೆ ಮೂರು ಲೋಕವನ್ನು ಅಳೆದ ವಿಷ್ಣುವೇ ಇವನು ಎಂದು ನೆನೆದರೆ, ಆ ಕಾಲಿಗೂ ಅಳತೆ ತೆಗೆದವರಿದ್ದಾರೆ ಎಂಬುದು ಸಣ್ಣ ಸಂಗತಿಯಲ್ಲ.

ಶ್ರವಣನ ಕಥೆಯನ್ನು ಚಿಕ್ಕದು ಮಾಡಿ ಹೇಳುವವರು ಮೊದಲು ಕೈಬಿಡುವುದು ಹರಳಯ್ಯನನ್ನು. ಮಾದೇಶ್ವರ ಶ್ರವಣಾಸುರನನ್ನು ಸಂಹರಿಸಿದ ಎಂದು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಸ್ಥಳ ಸಾಲದೆ ಹಾಗೆ ಮಾಡುತ್ತಾರೆ ಎಂದುಕೊಳ್ಳೋಣ. ಆದರೆ ಹರಳಯ್ಯ ಹೋದರೆ ಪಾದರಕ್ಷೆ ಹೋಯಿತು, ಪಾದರಕ್ಷೆ ಹೋದರೆ ದೊರೆಯನ್ನು ಕೊಲ್ಲುವ ಉಪಾಯವೇ ಹೋಯಿತು. ಉಳಿಯುವುದು ದೊಡ್ಡ ಬಲವೊಂದು ಇನ್ನೂ ದೊಡ್ಡ ಬಲಕ್ಕೆ ಸೋತ ಕಥೆ. ಅಂಥದ್ದು ಬೇಕಾದರೆ ಮಕ್ಕಳಿಗೆ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ.

ಬಾಗಿಲಿಗೆ ಬಂದ ಆಚೆಯವರು

ಇದೇ ಸೀಮೆಯ ಇನ್ನೊಂದು ದೊಡ್ಡ ಕಾವ್ಯ ಮಂಟೇಸ್ವಾಮಿಯವರದು. ಇದನ್ನು ಹಾಡುವವರು ನೀಲಗಾರರು. ತಂಬೂರಿ, ಗಗ್ಗರ, ಡಕ್ಕೆ, ತಾಳಗಳನ್ನು ಹಿಡಿದು ಮೂರು ನಾಲ್ಕು ಜನ ಸೇರಿ ಹಾಡುತ್ತಾರೆ. ಮುಂಗತೆಯವರು ಕಥೆ ನಡೆಸಿದರೆ ಹಿಮ್ಮೇಳದವರು ಸೊಲ್ಲು ಕೂಡಿಸುತ್ತಾರೆ, ನಡುನಡುವೆ ಪ್ರಶ್ನೆ ಕೇಳಿ ಕಥೆಯನ್ನು ಮುಂದಕ್ಕೆ ತಳ್ಳುತ್ತಾರೆ. ತಂಡ ಎಂಬುದು ಕಥೆಯೊಳಗೆ ಮಾತ್ರವಲ್ಲ, ಹಾಡುವ ಜಾಗದಲ್ಲಿಯೂ ಇದೆ.

ಈ ಕಾವ್ಯದಲ್ಲಿ ನಾವು ಇದುವರೆಗೆ ನೋಡಿದ್ದೆಲ್ಲ ತಲೆಕೆಳಗಾಗುತ್ತದೆ. ಮಂಟೇಸ್ವಾಮಿ ಪರಂಜ್ಯೋತಿ, ಧರೆಗೆ ದೊಡ್ಡವರು. ಲೋಕ ಹುಟ್ಟುವುದಕ್ಕೆ ಮೊದಲೇ ಇದ್ದವರು. ಬ್ರಹ್ಮ, ವಿಷ್ಣು, ಈಶ್ವರರು ಅವರ ನಂತರದವರು. ಅಂದರೆ ಪರದೇಶದ ಚಿತ್ರಕಥೆಯ ಲೆಕ್ಕದಲ್ಲಿ ವಿಶ್ವದ ಆಚೆಯವರು ಎಂದರೆ ಇವರೇ. ಆದರೆ ಇವರು ಎದುರಾಳಿಯಾಗಿ ಬರುವುದಿಲ್ಲ, ಭಿಕ್ಷುಕರಾಗಿ ಬರುತ್ತಾರೆ. ಅದೂ ಎಂಥ ವೇಷದಲ್ಲಿ! ಬಸವಣ್ಣನವರ ಕಲ್ಯಾಣಕ್ಕೆ ಅವರು ಬರುವುದು ಮೈತುಂಬ ಕುಷ್ಠ ಸುರಿಸಿಕೊಂಡು, ಸತ್ತ ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು, ಹೆಂಡವನ್ನು ಹಿಡಿದುಕೊಂಡು. ಅಲ್ಲಿ 1,96,000 ಜಂಗಮರು ದಿನವೂ ಊಟಕ್ಕೆ ಕೂರುತ್ತಾರೆ. ಬಿಳಿಯ ಬಟ್ಟೆ, ಹೊಳೆಯುವ ವಿಭೂತಿ. ಈ ನಾರುವ ಮುದುಕನನ್ನು ಅವರು ಒಳಕ್ಕೆ ಬಿಡುವುದಿಲ್ಲ. ಎಲ್ಲಕ್ಕಿಂತ ಹಿರಿಯ ಶಕ್ತಿ ಬಂದು ಬಾಗಿಲಲ್ಲಿ ನಿಂತಿದೆ, ಒಳಗಿರುವವರು ಮೂಗು ಮುಚ್ಚಿಕೊಳ್ಳುತ್ತಿದ್ದಾರೆ. ಗುರುತು ಹಿಡಿಯುವವರು ನೀಲಮ್ಮ ಮತ್ತು ಬಸವಣ್ಣ.

ಚಿತ್ರಕಥೆಯ ಗ್ಯಾಲಕ್ಟಸ್ ಹಸಿವಿನಿಂದ ಬಂದ, ನಮ್ಮ ಮಂಟೇಸ್ವಾಮಿಯೂ ಭಿಕ್ಷೆ ಕೇಳಿಕೊಂಡು ಬಂದರು. ಒಬ್ಬನ ಹಸಿವು ಭೂಮಿಯನ್ನು ತಿನ್ನಲು ಬರುತ್ತದೆ, ಇನ್ನೊಬ್ಬರ ಹಸಿವು ಭೂಮಿಯ ಮೇಲಿರುವವರನ್ನು ಪರೀಕ್ಷೆ ಮಾಡಲು ಬರುತ್ತದೆ. ಕೇಳುಗರ ಎದೆ ಹೆಚ್ಚು ಅದುರುವುದು ಎರಡನೆಯದಕ್ಕೇ. ಆಕಾಶದಿಂದ ಇಳಿದವನನ್ನು ನಾವು ಯಾರೂ ಕಂಡಿಲ್ಲ. ಬಾಗಿಲಲ್ಲಿ ನಿಂತವರನ್ನು ಮುಂದೆ ಹೋಗು ಎಂದು ಕಳಿಸಿದ್ದು ಮಾತ್ರ ಎಲ್ಲರ ಮನೆಯಲ್ಲಿಯೂ ಉಂಟು.

ಮಂಟೇಸ್ವಾಮಿಯವರಿಗೂ ಒಂದು ತಂಡವಿದೆ. ರಾಚಪ್ಪಾಜಿ, ದೊಡ್ಡತಾಯಮ್ಮ, ಚನ್ನಾಜಮ್ಮ, ಫಲಾರದಯ್ಯ, ಲಿಂಗಯ್ಯ, ಚನ್ನಯ್ಯ, ಸಿದ್ದಪ್ಪಾಜಿ. ಬೇರೆ ಬೇರೆ ಕುಲದವರು, ಹೆಂಗಸರೂ ಗಂಡಸರೂ ಒಟ್ಟಿಗಿರುವ ತಂಡ. ಇವರು ಒಂದೇ ಕಡೆ ನೆಲೆಯಾಗಿಲ್ಲ. ಮಂಟೇಸ್ವಾಮಿಯವರ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ, ರಾಚಪ್ಪಾಜಿಯವರದು ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಲಿಂಗಯ್ಯ ಚನ್ನಯ್ಯರದು ಕೊಳ್ಳೇಗಾಲದ ಹತ್ತಿರದ ಕುರುಬನಕಟ್ಟೆಯಲ್ಲಿ, ಸಿದ್ದಪ್ಪಾಜಿಯವರದು ಚಿಕ್ಕಲ್ಲೂರಿನಲ್ಲಿ. ಕಾವೇರಿಯ ಎರಡೂ ದಡದಲ್ಲಿ ಹರಡಿಕೊಂಡ ಈ ಗದ್ದುಗೆಗಳ ನಡುವೆ ನೀಲಗಾರರು ಓಡಾಡುತ್ತ ಕಥೆಯನ್ನು ಬೆಸೆದಿದ್ದಾರೆ.

ತಂಡದಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ಬಿದ್ದದ್ದು ಸಿದ್ದಪ್ಪಾಜಿಗೆ. ಅವರ ಮೊದಲ ಹೆಸರು ಕೆಂಪಾಚಾರಿ. ನಿಡಘಟ್ಟದ ಪಾಂಚಾಳರ ಮನೆಯ ಹುಡುಗ. ಮಂಟೇಸ್ವಾಮಿ ಅವನನ್ನು ಬೇಡಿ ಪಡೆದು, ಗವಿಯ ಕತ್ತಲೆಯಲ್ಲಿ 12 ವರ್ಷ ಇರಿಸುತ್ತಾರೆ. ಅಲ್ಲಿಂದ ಹೊರಬಂದವನೇ ಸಿದ್ದಪ್ಪಾಜಿ. ಅವನಿಗೆ ಕೊಟ್ಟ ಕೆಲಸ ಹಲಗೂರಿಗೆ ಹೋಗಿ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರುವುದು. ಕಬ್ಬಿಣ ಮತ್ತು ಉಕ್ಕಿನ ಕಸುಬಿಗೆ ಹಲಗೂರು ಹಿಂದೆ ಹೆಸರಾದ ಊರು. ಅಲ್ಲಿ ಕಬ್ಬಿಣಕ್ಕೆ ಬರವೇ? ಗುರುವಿಗೆ ಒಮ್ಮೆ ಇಲ್ಲವೆಂದು ಸುಳ್ಳು ಹೇಳಿ ಕಳಿಸಿದವರು ಶಿಷ್ಯನಿಗೆ ಸುಲಭವಾಗಿ ಕೊಟ್ಟಾರೆಯೇ? ವಿಷ, ಬೆಂಕಿಗಳ ಪವಾಡಕ್ಕೆ ಅವನನ್ನು ಒಡ್ಡುತ್ತಾರೆ. ಒಂದನ್ನು ಗೆದ್ದರೆ ಇನ್ನೊಂದು.

ಇಲ್ಲಿ ಕಥೆಗಾರನ ಜಾಣ್ಮೆಯನ್ನು ಗಮನಿಸಬೇಕು. ಲೋಕಕ್ಕೇ ಹಿರಿಯರಾದ ಮಂಟೇಸ್ವಾಮಿ ತಾವೇ ಹಲಗೂರನ್ನು ಒಂದು ಚಿಟಿಕೆಯಲ್ಲಿ ಬೂದಿ ಮಾಡಬಹುದಿತ್ತು. ಹಾಗೆ ಮಾಡಿದರೆ ಕಥೆಯಿಲ್ಲ. ಮಾಡಬೇಕಾದವನು ಒಬ್ಬ ಮನುಷ್ಯ, ಅದರಲ್ಲೂ ಹಲಗೂರಿನವರ ಕುಲದವನೇ, ಅವರ ಕುಲುಮೆಯ ಕಸುಬಿನ ಮನೆಯಲ್ಲಿ ಹುಟ್ಟಿದವನೇ. ತನ್ನವರ ಎದುರಿಗೇ ಜೋಳಿಗೆ ಒಡ್ಡಿ ನಿಂತು, ಅವರು ಕೊಟ್ಟ ವಿಷವನ್ನು ಕುಡಿದು, ಮತ್ತೆ ಅದೇ ಜೋಳಿಗೆ ಒಡ್ಡಬೇಕು. ಗೆದ್ದ ಮೇಲೆ ಅವನಿಗೆ ದೊರೆಯುವುದು ರಾಜ್ಯವಲ್ಲ, ಕೇಳಿದ್ದ ಕಬ್ಬಿಣ. ಆಕಾಶ ಪಾತಾಳ ಒಂದು ಮಾಡುವ ಕಥೆ ಹೀಗೆ ಒಂದು ಊರಿನ ಒಂದು ಕೇರಿಯೊಳಕ್ಕೆ ಬಂದು, ಕೊಡುತ್ತೀರೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ನಿಲ್ಲುತ್ತದೆ.

ಈ ಕಥೆಗಳು ಪುಸ್ತಕಕ್ಕೆ ಬಂದದ್ದು ತಡವಾಗಿ. ಜೀ. ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನು ಕುರಿತು ಮಾಡಿದ ಕೆಲಸದಿಂದ ವಿದ್ವಾಂಸರ ಕಣ್ಣು ಈ ಕಡೆ ಹೊರಳಿತು. ಪಿ. ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹೊರತಂದಿತು. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಮಂಟೇಸ್ವಾಮಿಯವರ ಕಾವ್ಯವನ್ನು ಹಿ. ಚಿ. ಬೋರಲಿಂಗಯ್ಯ ಮುಂತಾದವರು ಸಂಪಾದಿಸಿದ್ದಾರೆ. ಎಚ್. ಎಸ್. ಶಿವಪ್ರಕಾಶ್ ಅವರು ಇದನ್ನು ನಾಟಕವಾಗಿಯೂ ಬರೆದಿದ್ದಾರೆ. ಈ ಪುಸ್ತಕಗಳು ದಪ್ಪವಾಗಿವೆ ಎಂದು ವೀಕ್ಷಕರು ಹೆದರಬೇಕಾಗಿಲ್ಲ. ಯಾವ ಸಾಲಿನಿಂದ ಬೇಕಾದರೂ ಆರಂಭಿಸಬಹುದು, ಹಾಡುವವರೂ ಹಾಗೆಯೇ ಮಾಡುತ್ತಾರೆ. ಮಕ್ಕಳಿಗೆ ಓದಿ ಹೇಳುವುದಾದರೆ ಶ್ರವಣನ ಸಾಲು ಒಳ್ಳೆಯದು. ದೇವತೆಗಳು ಆಳುಗಳಾಗಿರುವ ಜಾಗದಲ್ಲಿ ಅವರು ಖಂಡಿತ ನಗುತ್ತಾರೆ. ಸಂಕಮ್ಮನ ಸಾಲನ್ನು ತುಸು ದೊಡ್ಡವರಾದ ಮೇಲೆ ಓದಲಿ. ಗಂಡ ನೀಲೇಗೌಡ ಕಾಡಿಗೆ ಹೋಗುವ ಮೊದಲು ಹೆಂಡತಿಯನ್ನು ಗುಡಿಸಲಿನಲ್ಲಿ ಕಟ್ಟಿಹಾಕುವ ಆ ಕಥೆಯಲ್ಲಿ ರಾಕ್ಷಸನೂ ಇಲ್ಲ, ದೊರೆಯೂ ಇಲ್ಲ, ಅನುಮಾನವೊಂದೇ ಇದೆ. ಅಲ್ಲಿಯೂ ಬಿಡಿಸಲು ಬರುವವನು ಮಾದಪ್ಪನೇ, ಆಕೆಗೆ ಹುಟ್ಟುವ ಕಾರಯ್ಯ ಬಿಲ್ಲಯ್ಯರು ಮುಂದೆ ಅವನ ಬಂಟರಾಗುತ್ತಾರೆ.

ಓದುವುದಕ್ಕಿಂತ ಕೇಳುವುದೇ ಮೇಲು ಎನ್ನುವವರಿಗೆ ಚಿಕ್ಕಲ್ಲೂರಿನ ಜಾತ್ರೆಯಿದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಐದು ದಿನ ನಡೆಯುತ್ತದೆ. ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ಈಗ ಟೆಂಪೋ, ಬಸ್ಸುಗಳಲ್ಲಿ ಬರುತ್ತಾರೆ. ಬಯಲಿನಲ್ಲಿ ಬಿಡಾರ ಹೂಡಿ, ಒಲೆ ಹಚ್ಚಿ, ಜಾತಿ ಕುಲವೆನ್ನದೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಬಿಡಾರಗಳ ನಡುವೆ ಅಲ್ಲಲ್ಲಿ ತಂಬೂರಿ ಶ್ರುತಿ ಹಿಡಿಯುತ್ತದೆ. ಮೊದಲ ದಿನದ ರಾತ್ರಿ ಗದ್ದುಗೆಯ ಮುಂದೆ ಬಿದಿರು ಬಟ್ಟೆಗಳಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುತ್ತಾರೆ. ಮೇಲೆ ಹುಣ್ಣಿಮೆಯ ಚಂದ್ರ, ಕೆಳಗೆ ಉರಿಯುವ ಚಂದ್ರ. ಸೇರಿದ ಸಾವಿರಾರು ಜನ ಮಾತು ನಿಲ್ಲಿಸಿ ಉರಿ ಯಾವ ದಿಕ್ಕಿಗೆ ಜೋರಾಗಿ ಹತ್ತುತ್ತದೆ ಎಂದೇ ನೋಡುತ್ತಿರುತ್ತಾರೆ. ಆ ದಿಕ್ಕಿನ ಊರುಗಳಿಗೆ ಈ ವರ್ಷ ಮಳೆ ಬೆಳೆ ಚೆನ್ನಾಗಿ ಆಗುತ್ತದಂತೆ. ಉರಿ ಇಳಿದ ಮೇಲೆ ರೈತರು, ನಮ್ಮ ಕಡೆಗೆ ಬಂತು, ನಿಮ್ಮ ಕಡೆಗೆ ಬಂತು ಎಂದು ವಾದ ಮಾಡಿಕೊಳ್ಳುತ್ತ ಬಿಡಾರಗಳಿಗೆ ಹಿಂದಿರುಗುತ್ತಾರೆ.